ನೆತ್ತಿಯಿಂದ ಅಂಚಿನವರೆಗೆ ಒಂದೇ ಕೈ

ಇಲ್ಲ ಡಾಕ್ಟ್ರಮ್ಮ, ಆ ಕಾಗದ ಮೇಜಿನ ಮೇಲೆ ಬೇಡ. ಅದು ಟೋಪಿ ಇಡೋ ಜಾಗ. ಇಂಕಿನ ಒಂದು ಚುಕ್ಕೆ ತಾಗಿದ್ರೆ ಆರು ತಿಂಗಳ ಕೆಲಸ ನೀರಿಗೆ ಹೋಯ್ತು. ಆ ಸ್ಟೂಲಿನ ಮೇಲಿಡಿ. ಹೂಂ. ಸಹಿ ಹಾಕಲ್ಲ ಅಂತ ಹೇಳಿಯಾಯ್ತಲ್ಲ, ಇನ್ನು ಅದು ಎಲ್ಲಿದ್ರೇನು.

ಏಳಬೇಡಿ, ಕೂತ್ಕೊಳ್ಳಿ. ಜಗಳ ಆಡಿದವರನ್ನೂ ನಾನು ಕಾಫಿ ಕುಡಿಸದೆ ಕಳಿಸಿದವಳಲ್ಲ. ಬಾಳೆಕಾಯಿ ಉಂಡೆ ಇದೆ, ಒಳಗೆ ಚೀಸು, ಇನ್ನೂ ಬಿಸಿಯಾಗಿದೆ. ಪೋರ್ತೊವಿಯೆಹೊದಿಂದ ಈ ಕೆಸರು ರಸ್ತೇಲಿ ಮೋಟರ್‌ಸೈಕಲ್ ಮೇಲೆ ಬಂದಿದೀರಿ. ಮೊದಲು ನಿಮ್ಮ ಬೆನ್ನು ನೋಡ್ಕೊಳ್ಳಿ.

ಯಾಕೆ ನಗ್ತೀರಿ? ಇದ್ದದ್ದು ಹೇಳಿದೆ.

ನಿನ್ನೆಯಿಂದ ಈ ಲಾ ಪಿತಾಯಾ ಊರಲ್ಲಿ ಬೇರೆ ಮಾತೇ ಇಲ್ಲ. ವ್ಯಾಯಾಮದ ಡಾಕ್ಟ್ರಮ್ಮ ಶಾಲೆಗೆ ಬಂದ್ರಂತೆ, ಮೂವತ್ತೊಂದು ಮಕ್ಕಳನ್ನೂ ಗೋಡೆಗೆ ನಿಲ್ಲಿಸಿದ್ರಂತೆ, ಬಗ್ಗಿಸಿದ್ರಂತೆ, ನೆಲದ ಮೇಲೆ ಮಲಗಿಸಿದ್ರಂತೆ, ಒಂಬತ್ತು ಮಕ್ಕಳಿಗೆ ಬೆನ್ನು ಗೂನು ಅಂತ ಬರ್ಕೊಂಡ್ರಂತೆ. ಆ ಒಂಬತ್ತರಲ್ಲಿ ಮೊದಲನೇ ಹೆಸರು ಯಾರದು? ನಾರ್ಸಿಸಾ. ಉಬಾಲ್ದಿನಾ ಮೆರೊನ ಮೊಮ್ಮಗಳು. ಐವತ್ತು ವರ್ಷದಿಂದ ಈ ಗುಡ್ಡದ, ಗರಿಯ ಎಳೇಲಿ ಹೆಣೆದ ಟೋಪಿಗಳನ್ನ ಗ್ವಾಯಾಕಿಲ್ ಪೇಟೆಗೆ ಮುಟ್ಟಿಸ್ತಿರೋ ಉಬಾಲ್ದಿನಾ ಮೆರೊ. ಬೆಳಿಗ್ಗೆ ಹಾಲಿಗೆ ಹೋದ್ರೆ ಎದುರುಮನೆ ಫ್ಲೋರೆನ್ಸಿಯಾ ಕೇಳ್ತಾಳೆ, ನಿಮ್ಮ ಹುಡುಗಿಗೆ ಏನೋ ಕಾಯಿಲೆಯಂತಲ್ಲ ಅಂತ. ಅವಳ ಮಗ ಸೀಗಡಿ ಥರ ನಡೀತಾನೆ. ಅವಳು ಕೇಳ್ತಾಳೆ ನನ್ನ.

ಕಾಯಿಲೆ ಅಂತ ನೀವು ಅಂದಿಲ್ಲ. ಗೊತ್ತು. ನೀವು ಅಂದಿದ್ದು ಇಷ್ಟು ಹೊತ್ತಿಗೆ ನನಗೆ ಬಾಯಿಪಾಠ ಆಗಿದೆ. ಅಂಗಾತ ಮಲಗಿಸಿದ್ರೆ ಅವಳ ಬೆನ್ನು ಇನ್ನೂ ನೆಲಕ್ಕೆ ಕೂರುತ್ತೆ. ಅಂದ್ರೆ ಮೂಳೆ ಇನ್ನೂ ಹಟ ಹಿಡಿದಿಲ್ಲ, ಬರೀ ಅಭ್ಯಾಸ. ಹನ್ನೆರಡು ವರ್ಷ, ಬೆಳೆಯೋ ಕಾಲ. ಈಗ ಹಿಡಿದ್ರೆ ಸರಿಹೋಗುತ್ತೆ, ಎರಡು ವರ್ಷ ಬಿಟ್ರೆ ಹಾಗೇ ಗಟ್ಟಿಯಾಗುತ್ತೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರರಿಂದ ಎಂಟು, ಕೆಳಗಿನ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಎದೆ ಊರಿ ಮಾಡೋ ಯಾವ ಕೆಲಸಾನೂ ಮಾಡಿಸಬಾರದು. ಅಪ್ಪ, ಅಂದ್ರೆ ನನ್ನ ಮಗ, ಮಾಂತಾದ ಮೀನಿನ ಹಡಗಲ್ಲಿದಾನೆ. ಅಮ್ಮನಿಗೆ ಬಲಗೈ ಆಡಲ್ಲ. ಅದಕ್ಕೇ ಅಜ್ಜಿ ಸಹಿ ಹಾಕಬೇಕು. ಇಷ್ಟೇ ಅಲ್ವಾ? ಒಂದು ಅಕ್ಷರ ಬಿಟ್ಟಿದ್ರೆ ಹೇಳಿ.

ಡಿಗ್ನಾ ಕೈಗೆ ನೀವು ಪಡ್ತಿರೋ ಪಾಡು ನಾನು ಮರೆತಿಲ್ಲ. ನನ್ನ ಸೊಸೆ, ಈ ಫೆಬ್ರವರೀಲಿ ಕಾರ್ನಿವಲ್ ದಿನ ಆ ಜಾರು ಏರಿನಲ್ಲಿ ಬಿದ್ದು ಮಣಿಕಟ್ಟು ಎರಡು ಕಡೆ ಮುರ್ಕೊಂಡಾಗಿನಿಂದ ಪ್ರತಿ ಗುರುವಾರ ನಿಮ್ಮ ಹತ್ರಾನೇ ಬರ್ತಾಳೆ. ಇವತ್ತಿಗೂ ಚಮಚ ಹಿಡಿಯೋಕೆ ಒದ್ದಾಡ್ತಾಳೆ. ನೀವಿಲ್ಲದಿದ್ರೆ ಆ ಕೈ ಕಟ್ಟಿಗೆ ಆಗ್ತಿತ್ತು. ಅದಕ್ಕೆ ನಿಮಗೆ ಕೈ ಮುಗೀತೀನಿ. ಆದ್ರೆ ಅದು ಬೇರೆ, ಇದು ಬೇರೆ.

ಬೆಳಿಗ್ಗೆ ಆಗಲ್ಲ. ಮಧ್ಯಾಹ್ನ ಕರೀರಿ, ಬಿಸಿಲು ಏರಿದ ಮೇಲೆ ಎಷ್ಟು ಹೊತ್ತು ಬೇಕಾದ್ರೂ ಇಟ್ಕೊಳ್ಳಿ, ಮರಕ್ಕೆ ನೇತುಹಾಕಿ, ಉರುಳಿಸಿ, ನನ್ನದೇನೂ ತಕರಾರಿಲ್ಲ. ಬೆಳಿಗ್ಗೆ ಮಾತ್ರ ಇಲ್ಲ.

ಯಾಕೆ ಅಂದ್ರೆ? ಮನೆ ಅಂದ ಮೇಲೆ ಕೆಲಸ ಇರಲ್ವಾ? ಕೋಳಿಗೆ ಜೋಳ, ತೊಟ್ಟಿಗೆ ನೀರು. ಅವರಮ್ಮನಿಗೆ ಜಡೆ ಹಾಕಬೇಕು, ಒಂದು ಕೈಯಲ್ಲಿ ಆಗಲ್ಲ ಅವಳಿಗೆ. ನನಗೂ ಬೆಳಿಗ್ಗೆ ಒಬ್ಬರ ಕೈ ಬೇಕು. ಯಾತಕ್ಕೆ ಅಂತ ಕೇಳಬೇಡಿ, ಅರವತ್ತೆಂಟು ವರ್ಷದ ಹೆಂಗಸಿಗೆ ಹತ್ತು ಕೆಲಸ ಇರ್ತವೆ.

ಗೂನು ಎಲ್ಲಿಂದ ಬಂತು ಅಂತ ಕೇಳ್ತೀರಲ್ಲ, ನಾನು ಹೇಳ್ತೀನಿ ಕೇಳಿ. ಶಾಲೆ ಚೀಲ. ಎತ್ತಿ ನೋಡಿದೀರಾ ಅದನ್ನ? ಸಿಮೆಂಟ್ ಮೂಟೆ. ಅದಾದ ಮೇಲೆ ಫೋನು. ಅದಾದ ಮೇಲೆ ಉದ್ದ. ಒಂದೇ ವರ್ಷದಲ್ಲಿ ಒಂದು ಗೇಣು ಬೆಳೆದಿದಾಳೆ, ತರಗತೀಲಿ ಎಲ್ಲರಿಗಿಂತ ಎತ್ತರ, ಹುಡುಗರು ತೆಂಗಿನಮರ ಅಂತ ಕೂಗ್ತಾರೆ, ಇವಳು ನಾಚಿಕೊಂಡು ಕುಗ್ಗುತಾಳೆ. ಎದೆ ಬೇರೆ ಬರ್ತಿದೆ, ಅದನ್ನ ಮುಚ್ಚಿಕೊಳ್ಳೋಕೆ ಹೆಗಲು ಮುಂದಕ್ಕೆ ತರ್ತಾಳೆ. ನಿಮಗೆ ನಾನು ಹೇಳಬೇಕಾ ಇದನ್ನೆಲ್ಲ? ನೀವೂ ಹನ್ನೆರಡು ವರ್ಷ ದಾಟಿ ಬಂದವರೇ.

ಹೌದು ಅಂತೀರಿ. ಎಲ್ಲದಕ್ಕೂ ಹೌದು ಅಂತೀರಿ, ಆಮೇಲೆ ಮತ್ತೆ ಅದೇ ಕಾಗದ ತೋರಿಸ್ತೀರಿ.

ನಾನು ಕೈ ಕಟ್ಟಿ ಕೂತಿಲ್ಲ ಡಾಕ್ಟ್ರಮ್ಮ. ನೆಟ್ಟಗೆ ನಿಲ್ಲು ನಾರ್ಸಿಸಾ, ಅಂತ ದಿನಕ್ಕೆ ನೂರು ಸಲ ಹೇಳ್ತೀನಿ. ಊಟಕ್ಕೆ ಕೂತಾಗ ಹೇಳ್ತೀನಿ, ಚರ್ಚಿನಲ್ಲಿ ಮೊಣಕೈಯಿಂದ ತಿವಿದು ಹೇಳ್ತೀನಿ...

ಬೈದ್ರೆ ಇನ್ನೂ ಬಗ್ಗುತ್ತೆ ಅಂತೀರಾ? ಇದೊಳ್ಳೆ ಕಥೆ ಆಯ್ತಲ್ಲ. ನಮ್ಮಮ್ಮ ನನ್ನ ಬೈದಷ್ಟು ನಾನು ಇವಳನ್ನ ಬೈದಿದ್ರೆ ಇವಳು ಇಷ್ಟೊತ್ತಿಗೆ ಉಂಡೆ ಆಗಿರ್ತಿದ್ದಳು.

ಬೈಗುಳ ಬಿಡಿ. ಪಟ್ಟಿ ತರಿಸಿದೀನಿ. ಗ್ವಾಯಾಕಿಲ್‌ನಿಂದ, ಹೆಗಲಿಗೆ ಎರಡು ಸುತ್ತು ಬಂದು ಹಿಂದೆ ಕತ್ತರಿ ಹಾಗೆ ಕೂರುತ್ತಲ್ಲ, ಅದು. ತೊಟ್ಟ ಕೂಡಲೇ ಹುಡುಗಿ ಸಿಪಾಯಿ ಆಗ್ತಾಳೆ. ಒಂದು ಡಜನ್ ತರಿಸಿದ್ದೆ, ಇವಳಿಗೆ ಒಂದು ಬಿಟ್ಟು ಹನ್ನೊಂದೂ ಮನೆ ಮುಂದಿನ ನನ್ನ ಅಂಗಡೀಲಿ ಖರ್ಚಾಯ್ತು. ಒಬ್ಬರೂ ವಾಪಸ್ ತಂದಿಲ್ಲ. ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ತೆಗೆದ ಮೇಲೆ... ತೆಗೆದ ಮೇಲೆ ಏನಾಗುತ್ತೆ ಅಂದ್ರೆ? ತೆಗೆಯೋದು ಯಾಕೆ? ಮಲಗೋವಾಗ ತೆಗೀಲಿ.

ಅರ್ಥ ಆಗದೆ ಏನು. ಕಟ್ಟಿದಷ್ಟು ಹೊತ್ತು ಪಟ್ಟಿ ಹಿಡಿಯುತ್ತೆ, ಬೆನ್ನು ನಿದ್ದೆ ಹೊಡೆಯುತ್ತೆ, ಹೀಗೇ ವರ್ಷಗಟ್ಟಲೆ ಕಟ್ಟಿದ್ರೆ ಬೆನ್ನಿಗೆ ಏಳೋದೇ ಮರೆತುಹೋಗುತ್ತೆ. ಅದನ್ನೂ ಹೇಳಿದ್ರಿ. ಗೋಡೆಗೆ ಬೆನ್ನು ಕೊಟ್ಟು ಕೈ ಮೇಲಕ್ಕೆ ಕೆಳಕ್ಕೆ ಜಾರಿಸೋದು, ಟವೆಲ್ ಸುರುಳಿ ಬೆನ್ನ ಕೆಳಗಿಟ್ಟು ಅಂಗಾತ ಮಲಗೋದು, ಬೋರಲು ಮಲಗಿ ಎದೆ ಎತ್ತೋದು, ಸೀಬೆಮರದ ಕೊಂಬೆಗೆ ಜೋತು ಬೀಳೋದು. ಇದಕ್ಕೆಲ್ಲ ಒಂದು ಕಾಸೂ ಖರ್ಚಿಲ್ಲ. ಅದಕ್ಕೇ ನನಗೆ ನಂಬಿಕೆ ಇಲ್ಲ.

ನಗಿ, ನಗಿ. ನಗುವಾಗ ನೀವೂ ನೆಟ್ಟಗೆ ಕೂತ್ಕೋತೀರಿ.

ನನ್ನನ್ನ ನೋಡಿ. ನೋಡಿ ಅಂದೆ. ಒಂಬತ್ತನೇ ವಯಸ್ಸಿಗೆ ನಮ್ಮಮ್ಮ ನನ್ನ ಅಚ್ಚಿನ ಮುಂದೆ ನಿಲ್ಲಿಸಿದಳು. ಮುಕ್ಕಾಲಿ ಮೇಲೆ ಮರದ ಅಚ್ಚು, ಅದರ ಮೇಲೆ ಟೋಪಿ, ಟೋಪಿ ಮೇಲೆ ದಿಂಬು, ದಿಂಬಿನ ಮೇಲೆ ನನ್ನ ಎದೆ. ಎದೆ ಊರಿ, ತಲೆ ಕೆಳಗೆ ಬಿಟ್ಟು, ಎರಡೂ ಕೈ ಆಚೆ ಈಚೆ ಇಳಿಸಿ, ಎಳೆ ಒದ್ದೆ ಮಾಡ್ಕೊಂಡು ಹೆಣೀಬೇಕು. ಸೂರ್ಯ ಹುಟ್ಟೋ ಮುಂಚೆ ಶುರು, ಬಿಸಿಲು ಬಂದ್ರೆ ಎಳೆ ಒಣಗಿ ಮುರಿಯುತ್ತೆ, ಬೆವರು ಬಿದ್ರೆ ಕಲೆ. ಹದಿನೇಳರವರೆಗೆ ಹೆಣೆದೆ. ಹನ್ನೊಂದು ಟೋಪಿ. ಆಮೇಲೆ ಮಾರೋ ಕಡೆ ಬಂದೆ. ಈಗ ನೋಡಿ ನನ್ನ ಬೆನ್ನು. ಈ ಊರಲ್ಲಿ ನನ್ನ ವಯಸ್ಸಿನ ಹೆಂಗಸರು ಎಲ್ಲ ನೆಲದ ಮೇಲೆ ಬಿದ್ದ ಸೂಜಿ ಹುಡುಕೋ ಹಾಗೆ ನಡೀತಾರೆ. ನಾನು? ಧ್ವಜದ ಕಂಬ. ಪೇಟೆ ಸಾಹುಕಾರರು ಎದ್ದು ಕುರ್ಚಿ ಕೊಡ್ತಾರೆ, ದೊನ್ಯಾ ಉಬಾಲ್ದಿನಾ ಬಂದ್ರು ಅಂತ. ಗೂನು ಬಿದ್ದವಳಿಗೆ ಯಾರು ಕೊಡ್ತಾರೆ ಕುರ್ಚಿ? ಬಗ್ಗಿ ಬಂದವಳ ಟೋಪಿಗೆ ಬೆಲೆಯೂ ಬಗ್ಗಿಯೇ ಬರುತ್ತೆ.

ಅಯ್ಯೋ, ನಿಮ್ಮ ಪೆನ್ನು ಉರುಳಿತು. ಅಲ್ಲಿ, ನನ್ನ ಕಾಲ ಹತ್ರ. ನೀವೇ ತಗೊಳ್ಳಿ. ನಾನು ಬಗ್ಗಲ್ಲ. ಯಾರ ಮುಂದೆಯೂ ಬಗ್ಗಿದವಳಲ್ಲ, ಪೆನ್ನಿಗೆ ಬಗ್ತೀನಾ.

ಏನು ಹಾಗೆ ನೋಡ್ತೀರಿ? ಕಾಫಿ ಆರುತ್ತೆ, ಕುಡೀರಿ.

ನಾರ್ಸಿಸಾ ಎದೆ ಮೇಲಿನ ಗುರುತಾ? ಅದು ಆಗ್ಲೇ ಹೇಳಿದೆನಲ್ಲ. ತೊಟ್ಟಿ ಅಂಚಿಗೆ ಬಿದ್ದಳು. ನೀರು ಸೇದೋವಾಗ.

ದುಂಡಗಿದ್ರೆ ಏನೀಗ? ತೊಟ್ಟಿ ಅಂಚೂ ದುಂಡಗೇ ಇದೆ. ಹೋಗಿ ನೋಡ್ಕೊಂಡು ಬನ್ನಿ ಹಿತ್ತಲಿಗೆ.

ಚರ್ಮ ದಪ್ಪ ಆಗಿದೆ ಅಂದ್ರೆ... ದಿನಾ ನೀರು ಸೇದ್ತಾಳೆ, ದಿನಾ ತಾಗುತ್ತೆ. ನೀವು ಡಾಕ್ಟ್ರೋ ಪೊಲೀಸೋ? ನೇರ ಕೇಳಿಬಿಡಿ. ಹುಡುಗಿ ಹೆಣೀತಾಳಾ ಅಂತ ತಾನೇ ನಿಮ್ಮ ಪ್ರಶ್ನೆ? ಬೆಳಿಗ್ಗೆಯಿಂದ ಅದರ ಸುತ್ತಲೇ ತಿರುಗ್ತಿದೀರಿ.

ಇಲ್ಲ. ಹೆಣೆಯಲ್ಲ. ನಾನು ಹೇಳ್ತಿದೀನಿ, ಉಬಾಲ್ದಿನಾ ಮೆರೊ ಹೇಳ್ತಿದೀನಿ. ಎಳೆ ಸೀಳ್ತಾಳೆ, ಉಗುರಲ್ಲಿ, ಅದು ಎಲ್ಲ ಮಕ್ಕಳೂ ಮಾಡ್ತವೆ, ಆಟ ಅದು. ಅಚ್ಚಿನ ಹತ್ರ ನಾನು ಬಿಟ್ಟಿಲ್ಲ.

ನಂಬಿಕೆ ಬರಲಿಲ್ಲ ಅಲ್ವಾ? ಸರಿ, ತಾಳಿ. ಹೇಗೂ ಬಂದಿದೀರಿ, ಒಂದು ವಸ್ತು ತೋರಿಸ್ತೀನಿ, ನೀವೇ ಹೇಳಿ ಇದು ಮಕ್ಕಳ ಕೈಯಿಂದ ಆಗೋದಾ ಅಂತ. ಆ ಮೊಳೆ ಕಾಣುತ್ತಾ, ಮೇಲೆ? ಬೆಕ್ಕಿಗೆ ಸಿಗಬಾರದು ಅಂತ ಅಷ್ಟೆತ್ತರಕ್ಕೆ ನಾನೇ ಹೊಡೆಸಿದ್ದು. ನೀವು ಏಳಬೇಡಿ, ನನಗೆ ಎಟುಕುತ್ತೆ. ಹಾಂ.

ಕೈ ಒರೆಸ್ಕೊಂಡು ಹಿಡೀರಿ. ಮೆಲ್ಲಗೆ. ಇನ್ನೂ ಮುಗಿದಿಲ್ಲ, ಎಳೆಗಳು ಜೋತಾಡ್ತಾವೆ, ತುಳೀಬೇಡಿ.

ಡಿಗ್ನಾದು. ಕೈ ಮುರಿಯೋಕೆ ಮುಂಚೆ ಹೆಣೀತಿದ್ದದ್ದು. ಅಂಚು ನಾಲ್ಕು ಬೆರಳು ಬಾಕಿ ಇತ್ತು, ಅಷ್ಟರಲ್ಲಿ ಬಿದ್ದಳು. ಅವತ್ತಿಂದ ಆ ಮೊಳೆಗೇ ನೇತಾಡ್ತಿದೆ, ಅವಳ ಕೈ ಸರಿಹೋಗಲಿ ಅಂತ.

ಬೇರೆಯವರು ಮುಗಿಸಬಾರದಾ? ಮುಗಿಸಬಾರದು. ಇಷ್ಟು ವರ್ಷ ಈ ಗುಡ್ಡಕ್ಕೆ ಬರ್ತಿದೀರಿ, ಇದು ಗೊತ್ತಿಲ್ವಾ ನಿಮಗೆ? ಒಬ್ಬಳು ನೆತ್ತಿ ಶುರು ಮಾಡಿದ್ರೆ ಅವಳೇ ಅಂಚು ಮುಗಿಸಬೇಕು. ಒಬ್ಬೊಬ್ಬರು ಎಳೆ ಜಗ್ಗೋ ಬಿಗಿ ಒಂದೊಂದು ಥರ, ಹೆಜ್ಜೆ ಗುರುತಿನ ಹಾಗೆ. ಅಕ್ಕ ತಂಗಿಯರೇ ಆಗಲಿ, ಕೈ ಬದಲಾದ ಕಡೆ ಒಂದು ಗೆರೆ ಬೀಳುತ್ತೆ. ಬರಿಗಣ್ಣಿಗೆ ಕಾಣಲ್ಲ. ಬೆಳಕಿಗೆ ಹಿಡಿದ್ರೆ ಕಾಣುತ್ತೆ. ಪೇಟೆಯವರು ಮೊದಲು ಹುಡುಕೋದೇ ಆ ಗೆರೆ. ಗೆರೆ ಇದ್ರೆ ಅದು ಟೋಪಿ ಅಲ್ಲ, ಬುಟ್ಟಿ.

ಕಿಟಕಿ ಹತ್ರ ಬನ್ನಿ. ಎತ್ತಿ ಹಿಡೀರಿ. ಒಳಗಿಂದ ನೋಡಿ. ಸುತ್ತು ಸುತ್ತು ಸುತ್ತು, ಬಾವೀಲಿ ಕಲ್ಲು ಹಾಕಿದಾಗ ಅಲೆ ಬರುತ್ತಲ್ಲ, ಹಾಗೆ. ನಿಮ್ಮ ಹೆಬ್ಬೆರಳಿನ ಉಗುರು ಇಡಿ, ಅದರ ಅಗಲದಲ್ಲಿ ಎಷ್ಟು ಸಾಲು ಬರುತ್ತೆ ಎಣಿಸಿ. ಹೂಂ, ಎಣಿಸಿ. ಗೆರೆ ಎಲ್ಲಾದ್ರೂ ಕಂಡ್ರೆ ನಿಮ್ಮ ಕಾಗದಕ್ಕೆ ಈಗಲೇ ಸಹಿ ಹಾಕ್ತೀನಿ. ಇಲ್ಲ. ನೆತ್ತಿಯಿಂದ ಅಂಚಿನವರೆಗೆ ಒಂದೇ ಕೈ. ಐವತ್ತು ವರ್ಷದಲ್ಲಿ ಇಂಥ ಹೆಣಿಗೆ ನನ್ನ ಕೈ ಮೇಲೆ ಹಾದುಹೋಗಿದ್ದು ಎರಡೋ ಮೂರೋ. ಬಣ್ಣ ನೋಡಿ ಬಣ್ಣ. ಹಳೇ ಎಳೆ ಆದ್ರೆ ಇಷ್ಟೊತ್ತಿಗೆ ಹಳದಿಗೆ ತಿರುಗಿರೋದು. ಇದು ಹಾಲಿನ ಕೆನೆ. ಈ ವರ್ಷದ್ದು. ಏಪ್ರಿಲ್‌ನಲ್ಲಿ ನಾನೇ ಮೇಲಿನ ಗುಡ್ಡಕ್ಕೆ ಹೋಗಿ ಒಂದೊಂದು ಗರಿಯ ಸುಳಿ ಆರಿಸಿ ಕೊಯ್ಸಿದೆ, ಬೇರೆಯವರನ್ನ ನಂಬಲಿಲ್ಲ, ನಾನೇ ನಿಂತು ಎಳೆ ಬೇಯಿಸ್ದೆ, ಯಾಕಂದ್ರೆ ಕೈ ಅಂಥಾ ಕೈ, ಅದಕ್ಕೆ ಕೆಟ್ಟ ಎಳೆ ಕೊಟ್ರೆ...

ಏನಾಯ್ತು?

ಎಣಿಸೋದು ನಿಲ್ಲಿಸಿಬಿಟ್ರಿ.

ಬೆರಳು ಯಾಕೆ ಉಜ್ಜಿ ನೋಡ್ಕೊಳ್ತೀರಿ? ಒದ್ದೆ... ತುಂತುರು ಅಲ್ವಾ ಹೊರಗೆ. ಗಾಳೀಲೇ ತೇವ. ಅದಕ್ಕೆ ಎಳೆ ಒದ್ದೆ.

ಏಪ್ರಿಲ್ ಅಂದೆನಾ? ಹೋದ ವರ್ಷದ ಏಪ್ರಿಲ್. ಬಾಯಿ ತಪ್ಪಿತು.

ಮಾತಾಡಿ ಡಾಕ್ಟ್ರಮ್ಮ. ಬೆಳಿಗ್ಗೆಯಿಂದ ನಾನು ಒಂದು ಅಂದ್ರೆ ನೀವು ಎರಡು ಅಂತಿದ್ರಿ. ಡಿಗ್ನಾ ಕೈ ನನಗೆ ಗೊತ್ತಿಲ್ವಾ ಅನ್ನಿ. ಪ್ರತಿ ಗುರುವಾರ ಹಿಡಿದು ನೋಡ್ತಿರೋಳು ನಾನು ಅನ್ನಿ. ಬೈರಿ. ಬೈಗುಳಕ್ಕೆ ನನ್ನ ಹತ್ರ ಉತ್ತರ ಇದೆ. ಹೀಗೆ ಟೋಪೀನ ತೊಡೆ ಮೇಲೆ ಇಟ್ಕೊಂಡು ಸುಮ್ಮನೆ ಕೂತ್ರೆ ನಾನು ಏನು ಹೇಳಲಿ?

...

ಹೌದು. ಹುಡುಗಿಯದ್ದೇ.

ಇನ್ನೊಂದು ಸಲ ಹೇಳಿಸಬೇಡಿ.

ನಾನು ಕಟ್ಟಿಹಾಕಿ ಮಾಡಿಸಿದೆ ಅಂದ್ಕೋಬೇಡಿ. ಅವರಮ್ಮ ಕೈ ಕಟ್ಟಿಸಿಕೊಂಡು ಮಲಗಿದ್ದಾಗ ಅಚ್ಚು ಖಾಲಿ ನಿಂತಿತ್ತು. ಒಂದಿನ ಬೆಳಕು ಹರಿಯೋ ಮುಂಚೆ ಎದ್ದು ನೋಡ್ತೀನಿ, ಹುಡುಗಿ ಕತ್ತಲಲ್ಲೇ ನೆತ್ತಿ ಶುರು ಮಾಡಿದಾಳೆ. ಕೈಲಿ ತಗೊಂಡೆ. ಬೆಳಕಿಗೆ ಹಿಡಿದೆ. ಎಸೆದುಬಿಡಬೇಕಿತ್ತಾ ನಾನು? ಹೇಳಿ. ನಾನು ಏನು ಮಾಡಿದೆ ಗೊತ್ತಾ? ಅದನ್ನ ಬಿಚ್ಚಿಸಿ, ಒಳ್ಳೇ ಎಳೆ ತಂದುಕೊಟ್ಟೆ. ಆರು ತಿಂಗಳು. ದಿನಾ ಬೆಳಿಗ್ಗೆ ನಾಲ್ಕೂವರೆಯಿಂದ ಏಳೂವರೆ. ಆಮೇಲೆ ಶಾಲೆಗೆ ಕಳಿಸಿ, ಸಂಜೆ ನೆಟ್ಟಗೆ ನಿಲ್ಲು ಅಂತ ಬೈದೆ.

ನಾಚಿಕೆ? ನನಗೆ ಯಾಕೆ ನಾಚಿಕೆ. ಈ ಊರಿನ ಚರ್ಚಿನ ಚಾವಣಿ, ನಿಮ್ಮ ಆರೋಗ್ಯ ಕೇಂದ್ರಕ್ಕೆ ಕೊಟ್ಟ ಜಾಗ, ಎಲ್ಲ ಬಗ್ಗಿದ ಬೆನ್ನಿನ ಮೇಲೇ ಎದ್ದಿದ್ದು. ಗ್ವಾಯಾಕಿಲ್‌ನಲ್ಲಿ ಈ ಟೋಪಿ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಾನಲ್ಲ, ಅವನ ಹತ್ರ ಹೋಗಿ ಅಳತೆ ತಗೊಳ್ಳಿ. ಅಚ್ಚು ಒಂದು ಮೊಳ ಎತ್ತರಿಸಿ, ಕೂತು ಹೆಣೀಲಿ ಅಂದ್ರಿ ಅವತ್ತು ಊರಿನ ಸಭೇಲಿ. ಎದೆಯ ಭಾರ ಬೀಳದಿದ್ರೆ ಹೆಣಿಗೆ ಸಡಿಲ. ಸಡಿಲ ಹೆಣಿಗೆ ಎಲ್ಲ ಊರಲ್ಲೂ ಸಿಗುತ್ತೆ, ಅದಕ್ಕೆ ಈ ಗುಡ್ಡ ಹತ್ತಿ ಯಾರು ಬರ್ತಾರೆ?

ಮೂರು ವಾರ ಕೊಡಿ. ನಾಲ್ಕೇ ಬೆರಳು ಬಾಕಿ. ಅವಳಲ್ಲದೆ ಬೇರೆ ಯಾರೂ ಮುಟ್ಟೋ ಹಾಗಿಲ್ಲ, ಈಗಷ್ಟೇ ಹೇಳಿದೆನಲ್ಲ. ಇದು ಮುಗೀಲಿ. ಇದೊಂದು ಮುಗೀಲಿ, ಆಮೇಲೆ ನಾನೇ ಕೈ ಹಿಡಿದು ಕರ್ಕೊಂಡು ಬರ್ತೀನಿ.

ಮತ್ತೆ ಆ ಕಾಗದದ ಕಡೆ ನೋಡ್ತೀರಿ.

ಇದೊಂದು ಮುಗೀಲಿ. ನಮ್ಮಮ್ಮನೂ ಹೀಗೇ ಹೇಳ್ತಿದ್ದಳು. ಹನ್ನೊಂದು ಸಲ ಹೇಳಿದಳು.

ಡಾಕ್ಟ್ರಮ್ಮ, ಇಲ್ಲಿ ಬಾಮ್ಮ. ಟೋಪಿ ಆ ಕಡೆ ಇಟ್ಟು ಬಾ. ಬಾಗಿಲು ಹಾಕು, ಎದುರುಮನೆಯವಳ ಕಣ್ಣು ಇಲ್ಲೇ ಇರುತ್ತೆ. ಹಿಂದೆ ಬಾ. ಇಲ್ಲಿ ಕೈ ಇಡು, ರವಿಕೆ ಮೇಲೆ. ಒತ್ತು. ಏನು ಸಿಕ್ತು? ಮೂಳೆ ಅಲ್ಲಮ್ಮ ಅದು. ತಗಡು. ಕ್ಯಾನ್ವಾಸ್ ಪಟ್ಟಿ, ಒಳಗೆ ಐದು ತಗಡಿನ ಕಡ್ಡಿ, ಹಿಂದೆ ಲಾಡಿ. ಹದಿನೇಳನೇ ವಯಸ್ಸಿಗೆ ಕಟ್ಟಿದ್ದು, ಇದು ಒಂಬತ್ತನೆಯದೋ ಹತ್ತನೆಯದೋ. ಗಂಡನಿಗೆ ಗೊತ್ತಿತ್ತು, ಅವನು ಹೋದ. ಮಗನಿಗೆ ಗೊತ್ತಿಲ್ಲ. ಪೇಟೆಯವರಿಗೆ ಧ್ವಜದ ಕಂಬ.

ಲಾಡಿ ನನಗೆ ಎಟುಕಲ್ಲ. ದಿನಾ ಬೆಳಿಗ್ಗೆ ನಾರ್ಸಿಸಾ ಕಟ್ತಾಳೆ, ಅಚ್ಚಿನ ಮುಂದೆ ಹೋಗೋ ಮುಂಚೆ. ಎಂಟನೇ ವಯಸ್ಸಿಂದ ಕಟ್ತಾಳೆ. ಮಂಡಿ ಊರಿ, ಹಲ್ಲು ಕಚ್ಚಿ, ಬಿಗಿಯಾಗಿ. ನನ್ನ ಬೆನ್ನು ಏನು ಅಂತ ಈ ಊರಲ್ಲಿ ನೋಡಿರೋಳು ಅವಳೊಬ್ಬಳೇ. ನೋಡಿಯೂ ಹೋಗಿ ಎದೆ ಊರಿದಳು. ಅದನ್ನ ನಾನು ಯೋಚನೆ ಮಾಡಲಿಲ್ಲ ಅಂದ್ಕೊಂಡೆಯಾ? ಮಾಡಿದೆ. ಯೋಚನೆ ಮಾಡಿ, ಎಳೆ ಬೇಯಿಸೋಕೆ ಹೋದೆ.

ಬಿಚ್ಚು. ಕೆಳಗಿನ ಗಂಟು ಮೊದಲು. ನಿಧಾನ, ಒಂದೇ ಸಲ ಬಿಟ್ರೆ ನಾನು ಮುಂದಕ್ಕೆ ಬೀಳ್ತೀನಿ. ಹೆಗಲು ಹಿಡ್ಕೋ. ಹಾಂ... ಹಾಂ. ಬಿಡು, ಸಾಕು. ಇಷ್ಟೇ. ಇದಕ್ಕಿಂತ ಕೆಳಗೆ ಹೋಗಲ್ಲ.

ಅಳಬೇಡ. ಡಾಕ್ಟ್ರು ಅತ್ರೆ ರೋಗಿ ಏನು ಮಾಡಬೇಕು? ನನ್ನದನ್ನ ನೆಲಕ್ಕೆ ಮಲಗಿಸಿ ನೋಡಬೇಡ, ಚಪ್ಪಟೆ ಆಗಲ್ಲ, ನಾಯಿ ಹಾಗೆ ಮುದುರಿಯೇ ಮಲಗ್ತೀನಿ ದಿನಾ. ಅವಳದ್ದು ಆಗುತ್ತೆ ಅಂದೆಯಲ್ಲ. ಇನ್ನೊಂದು ಸಲ ಹೇಳು. ಆಗುತ್ತಾ?

ಸರಿ. ಎಲ್ಲಿ ಆ ಕಾಗದ. ಸ್ಟೂಲನ್ನ ಹತ್ತಿರಕ್ಕೆ ತರೋದು ಬೇಡ, ಬಗ್ಗಿದ ಮೇಲೆ ಈಗ ಅದು ನನ್ನ ಮೂಗಿನ ಕೆಳಗೇ ಇದೆ. ಪೆನ್ನು ಕೊಡು. ಸೋಮವಾರ, ಬುಧವಾರ, ಶುಕ್ರವಾರ. ಆರು ಗಂಟೆ. ತಡ ಮಾಡಬೇಡ, ಅವಳು ಕಾಯೋಳಲ್ಲ. ಮಿಕ್ಕ ದಿನ ಅಚ್ಚಿನ ಹತ್ರ ಹೋಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ, ಅದಕ್ಕೆ ನೀನು ಬರಬೇಡ. ಸೀಬೆಮರದ ಕೊಂಬೆ ಯಾವುದು ಅಂತ ಹೋಗೋವಾಗ ತೋರಿಸಿ ಹೋಗು.

ಟೋಪಿ? ಅರ್ಧಕ್ಕೆ ನಿಂತಿದ್ದನ್ನ ಯಾರೂ ಕೊಳ್ಳಲ್ಲ. ಇರಲಿ. ಹಾಗೇ ಇರಲಿ.

ಆ ಮೊಳೆಗೆ ನೀನೇ ನೇತುಹಾಕಮ್ಮ. ನನಗೆ ಎಟುಕಲ್ಲ.